ಕನ್ನಡದಲ್ಲೇ ಬರೆದ ಮಹಾಪ್ರಬಂಧ: ಆಕರ ಸೂಚನೆಯಲ್ಲಿ ನನ್ನ ಅನುಭವ

ಚಿತ್ರದುರ್ಗ ಸೀಮೆಯ ಕೆರೆಗಳನ್ನೂ ಅಂತರ್ಜಲವನ್ನೂ ಕುರಿತ ಭೂಗೋಳಶಾಸ್ತ್ರದ ಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯುತ್ತೇನೆ, ಪ್ರತಿಯೊಂದು ಅಂಕಿಗೂ ಪುಟಸಂಖ್ಯೆ ಸಹಿತ ಆಕರ ಕೊಡುತ್ತೇನೆ ಎಂದಾಗ ಜೊತೆಯ ಸಂಶೋಧಕರು ನಕ್ಕಿದ್ದರು. ಕೊನೆಯಲ್ಲಿ ಗ್ರಂಥಋಣವೊಂದನ್ನು ಸೇರಿಸಿದರೆ ಸಾಕು ಎಂಬುದು ಅವರ ಮತ. ಮೌಖಿಕ ಪರೀಕ್ಷೆಯಲ್ಲಿ ಆಕರಗಳ ವಿಷಯವಾಗಿ ನನಗೆ ಒಂದು ಆಕ್ಷೇಪವೂ ಬರಲಿಲ್ಲವಾದ್ದರಿಂದ, ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಭಾಗದ ಅಂಕಿಅಂಶಗಳಲ್ಲಿ ಲೇಖಕ ಮತ್ತು ವರ್ಷವನ್ನಷ್ಟೇ ಕೊಟ್ಟರೆ ಸಾಲದು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು ಚಿತ್ರದುರ್ಗದಿಂದಲೂ, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ, ಹರಪನಹಳ್ಳಿ ಬಳ್ಳಾರಿಯಿಂದಲೂ ಬಂದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೀಗಿರುವಾಗ 1991ರ ಮತ್ತು 2001ರ ‘ಚಿತ್ರದುರ್ಗ ಜಿಲ್ಲೆ’ಯ ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟರೆ ಹತ್ತು ವರ್ಷಗಳಲ್ಲಿ ನೂರಾರು ಕೆರೆಗಳು ಮಾಯವಾದಂತೆ ತೋರುತ್ತದೆ. ಅಂಥ ಕೋಷ್ಟಕವನ್ನೇ ಆಧರಿಸಿ ಕೆರೆಗಳ ನಾಶದ ಬಗ್ಗೆ ಇಡೀ ಅಧ್ಯಾಯ ಬರೆದವರನ್ನು ನಾನು ಬಲ್ಲೆ. ನಾನು ಜಿಲ್ಲೆಯ ಮೊತ್ತವನ್ನು ಕೈಬಿಟ್ಟು ತಾಲ್ಲೂಕುವಾರು ಅಂಕಿಗಳನ್ನು ಕೂಡಿಸಿಕೊಂಡೆ, ಆಕರ ಸೂಚನೆಯಲ್ಲಿಯೇ ‘1997ರ ಪೂರ್ವದ ಗಡಿ’ ಎಂದು ನಮೂದಿಸಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ನಿಯಮದಂತೆ ಬೇರೆ ಬರಹಗಳೊಂದಿಗಿನ ಸಾಮ್ಯತೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. ಆದರೆ ಇಂಥ ತಪ್ಪನ್ನು ಯಾವ ಸಾಮ್ಯತಾ ತಂತ್ರಾಂಶವೂ ಹಿಡಿಯಲಾರದು.

ವಾಣಿವಿಲಾಸ ಸಾಗರದ ವಿಷಯವೂ ಹಾಗೆಯೇ. 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬುದನ್ನು ಹಿರಿಯೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಪತ್ರಿಕಾ ವರದಿಗಳು ಒಂದನ್ನೊಂದು ನೋಡಿ ಬರೆದವು. ಹತ್ತು ವರದಿಗಳನ್ನು ಉಲ್ಲೇಖಿಸಿದರೂ ಆಕರ ಒಂದೇ. ನೀರಿನ ಮಟ್ಟದ ಮೂಲ ದಾಖಲೆ ಸಿಗುವವರೆಗೆ ಆ ವಾಕ್ಯವನ್ನು ಕರಡಿನಲ್ಲಿ ಕೆಂಪು ಅಕ್ಷರದಲ್ಲಿಯೇ ಉಳಿಸಿಕೊಂಡಿದ್ದೆ.

ಹಣ ಹೆಚ್ಚು ಹೋದದ್ದು ಟೈಪಿಂಗಿಗೆ. ದಾವಣಗೆರೆಯ ಡಿಟಿಪಿಯವರು ಪುಟಕ್ಕೆ ಇಪ್ಪತ್ತೈದು ರೂಪಾಯಿಯಂತೆ ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಕೊಟ್ಟರು. ಅದನ್ನು ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ಸರಿಪಡಿಸಲು ಮತ್ತೆ ಅಷ್ಟೇ ಹಣ ಕೇಳಿದರು. ಸುಮಾರು ಎಂಟು ಸಾವಿರ ಹೀಗೆ ಹೋದ ಮೇಲೆ ಉಳಿದ ಅಧ್ಯಾಯಗಳನ್ನು ನಾನೇ ಯುನಿಕೋಡಿನಲ್ಲಿ ಟೈಪು ಮಾಡಿದೆ. ಆಕರಗಳನ್ನು ಜೋಡಿಸಿಡುವ, ಉಚಿತವಾಗಿ ಸಿಗುವ ಝೊಟೆರೊ ತಂತ್ರಾಂಶ ಕನ್ನಡದ ನಮೂದುಗಳನ್ನು ತಕರಾರಿಲ್ಲದೆ ತೆಗೆದುಕೊಂಡಿತು. ಮಾತನಾಡಿ ಬರೆಸುವ ಪ್ರಯೋಗವನ್ನೂ ಮಾಡಿ ನೋಡಿದೆ. ಅದು ಪಾರಿಭಾಷಿಕ ಪದಗಳನ್ನೆಲ್ಲ ಕೆಡಿಸಿತು.

ಶೈಲಿಯ ಬಗ್ಗೆ ನನ್ನ ಪಟ್ಟು ಇಷ್ಟೇ: ಕೆಲಸ ಮಾಡಿದವರು ಯಾರೆಂದು ವಾಕ್ಯದಲ್ಲಿ ಕಾಣಬೇಕು. ‘ಬಾವಿಗಳ ನೀರಿನ ಮಟ್ಟವನ್ನು ಅಳೆಯಲಾಗಿ ಇಳಿಕೆ ಕಂಡುಬಂದಿರುತ್ತದೆ’ ಎಂದರೆ ಅಳೆದವನು ನಾನೋ ಇಲಾಖೆಯೋ ತಿಳಿಯದು. ‘ಇಲಾಖೆ ಮೇ ತಿಂಗಳಲ್ಲಿ ಅಳೆದ ಮಟ್ಟಕ್ಕಿಂತ ನವೆಂಬರಿನಲ್ಲಿ ನಾನು ಅಳೆದ ಮಟ್ಟ ಮೇಲಿತ್ತು’ ಎಂದು ಬರೆದೊಡನೆ ಮೊದಲ ಅರ್ಧಕ್ಕೆ ಆಕರ ಬೇಕು, ಎರಡನೆಯದಕ್ಕೆ ನನ್ನ ಕ್ಷೇತ್ರಪುಸ್ತಕ ಸಾಕು ಎಂಬುದು ತಾನೇ ಗೊತ್ತಾಗುತ್ತದೆ. ನಡುವೆ ಮಳೆಗಾಲ ಕಳೆದಿರುವುದರಿಂದ ಆ ಏರಿಕೆಯಲ್ಲಿ ವಿಶೇಷವಿಲ್ಲವೆಂಬುದೂ ಕಾಣುತ್ತದೆ. ಮಾರ್ಗದರ್ಶಕರು ‘ನಾನು’ ಎಂಬುದನ್ನು ಮೊದಲು ಎಲ್ಲೆಡೆ ಹೊಡೆದುಹಾಕಿದ್ದರು. ಎರಡು ಅಧ್ಯಾಯಗಳನ್ನು ಎರಡೂ ರೀತಿಯಲ್ಲಿ ಬರೆದು ತೋರಿಸಿದ ಮೇಲೆ ಒಪ್ಪಿದರು.

ಕನ್ನಡ, ಇಂಗ್ಲಿಷ್ ಆಕರಗಳನ್ನು ಒಂದೇ ಪಟ್ಟಿಯಲ್ಲಿ ಅಕಾರಾದಿಯಾಗಿ ಜೋಡಿಸಿದ ಬಗೆಯನ್ನು ಹಲವರು ಕೇಳಿದ್ದಾರೆ. ಅದನ್ನು ಸದ್ಯಕ್ಕೆ ನನ್ನ ಕಿರಿಯ ಸಂಶೋಧಕರಿಗಷ್ಟೇ ಹೇಳಿಕೊಟ್ಟಿದ್ದೇನೆ. ಅವರ ಪ್ರಬಂಧಗಳು ಮುಗಿದ ಮೇಲೆ ಉಳಿದವರಿಗೂ ಹೇಳುತ್ತೇನೆ.