ಮನೆಯಲ್ಲಿ ವೀಣೆ ರೆಕಾರ್ಡಿಂಗ್: ಇಂಟರ್‌ಫೇಸ್ ಯಾವ ಪೋರ್ಟಿಗೆ?

ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್ ಕೊಳ್ಳಲು ಹೊರಟವರು ಮೊದಲು ಕೇಳುವುದು ವೇಗದ ಬಗ್ಗೆ. ಯುಎಸ್‌ಬಿ 2.0 ಸಾಕಾ, 3.0 ಬೇಕಾ, ಇನ್ನೂ ವೇಗದ ಥಂಡರ್‌ಬೋಲ್ಟ್ ಪೋರ್ಟೇ ಆಗಬೇಕಾ? ಒಂದು ಸಣ್ಣ ಲೆಕ್ಕ ಹಾಕಿದರೆ ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್, ಒಂದೊಂದೂ 24 ಬಿಟ್) ಒಂದು ಚಾನೆಲ್‌ಗೆ ಸೆಕೆಂಡಿಗೆ ಸುಮಾರು 1.15 ಮೆಗಾಬಿಟ್ ಹರಿಯುತ್ತದೆ. ಎಂಟು ಒಳಗೆ, ಎಂಟು ಹೊರಗೆ ಅಂದರೂ 18.4 ಮೆಗಾಬಿಟ್. ಯುಎಸ್‌ಬಿ 2.0ರ ಮಿತಿ 480. ಹೀಗಾಗಿ ಟೈಪ್-ಸಿ ಪೋರ್ಟಿರುವ ಎಷ್ಟೋ ಹೊಸ ಇಂಟರ್‌ಫೇಸ್‌ಗಳೂ ಒಳಗೆ ಯುಎಸ್‌ಬಿ 2.0 ವೇಗದಲ್ಲೇ ಓಡುತ್ತವೆ. ತೂತಿನ ಆಕಾರ ಬದಲಾಗಿದೆ, ಅಷ್ಟೆ.

ನಾನು ಮೈಸೂರಿನ ಮನೆಯ ಕೋಣೆಯಲ್ಲಿ ಹೆಚ್ಚಾಗಿ ರೆಕಾರ್ಡ್ ಮಾಡುವುದು ವೀಣೆ ಮತ್ತು ಹಾಡುಗಾರಿಕೆ. ವೀಣೆಯ ನಾದ ಮೆಲು. ಒಂದು ಮೀಟು ಕರಗಿ ಮುಗಿಯುವವರೆಗೂ ಕೇಳಿಸಬೇಕು. ಮೈಕನ್ನು ಕೊಡದಿಂದ ಒಂದೂವರೆ ಅಡಿ ದೂರ ಇಟ್ಟು ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಚೆನ್ನಾಗಿ ಏರಿಸಬೇಕಾಗುತ್ತದೆ. ಗೇನ್ ಏರಿದಾಗ ವೀಣೆಯ ಜೊತೆ ಕಂಪ್ಯೂಟರಿನ ಕೊಳೆಯೂ ಏರುತ್ತದೆ. ಅದಕ್ಕೇ ನಾನು ವೇಗದ ಅಂಕಿ ಬಿಟ್ಟು ವಿದ್ಯುತ್, ಡ್ರೈವರ್ (ಸಾಧನವನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ತಂತ್ರಾಂಶ), ಕೇಬಲ್ ಈ ಮೂರನ್ನೇ ನೋಡುತ್ತೇನೆ.

ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್, 500 ಮಿಲಿಆಂಪ್, ಅಂದರೆ ಎರಡೂವರೆ ವ್ಯಾಟ್. 3.0 ಪೋರ್ಟಾದರೆ 900 ಮಿಲಿಆಂಪ್. ಆ ಎರಡೂವರೆ ವ್ಯಾಟಿನಲ್ಲೇ ಪ್ರೀಆಂಪ್ (ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವ ಭಾಗ), ಹೆಡ್‌ಫೋನ್ ಆಂಪ್ಲಿಫೈಯರ್, ಕಂಡೆನ್ಸರ್ ಮೈಕಿಗೆ ಅದರ ಕೇಬಲಿನ ಮೂಲಕವೇ ಹೋಗುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್, ಎಲ್ಲವೂ ನಡೆಯಬೇಕು. ವಿದ್ಯುತ್ ಸಾಲದಿದ್ದರೆ ಇಂಟರ್‌ಫೇಸ್ ಯಾವಾಗಲೂ ಪೂರ್ತಿ ಆರಿಹೋಗುತ್ತದೆ ಎಂದಿಲ್ಲ. ಮೈಕಿನ ಸದ್ದು ಜೋರಾದ ಕಡೆ ಒಡೆಯುತ್ತದೆ, ಅಥವಾ ಸಾಧನ ಆಗಾಗ ಕಳಚಿಕೊಂಡು ಮತ್ತೆ ಸೇರುತ್ತದೆ. ಪರೀಕ್ಷಿಸುವುದು ಸುಲಭ. ಒಂದು ಇನ್‌ಪುಟ್‌ಗೆ ಮೈಕ್ ಹಾಕಿ ಫ್ಯಾಂಟಮ್ ಒತ್ತಿ, ಇನ್ನೊಂದು ಖಾಲಿ ಇನ್‌ಪುಟ್‌ನ ಒಂದನೇ ಮತ್ತು ಎರಡನೇ ಪಿನ್ನಿಗೆ ಮಲ್ಟಿಮೀಟರ್ ಹಿಡಿಯಿರಿ. 44ರಿಂದ 52 ವೋಲ್ಟ್ ಒಳಗೆ ಇರಬೇಕು. ಅದಕ್ಕಿಂತ ಕೆಳಗಿದ್ದರೆ ಮೊದಲು ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ. ಮೃದಂಗಕ್ಕೆ ಎರಡು, ವೀಣೆಗೊಂದು, ಕಂಠಕ್ಕೊಂದು ಎಂದು ನಾಲ್ಕು ಮೈಕ್ ಬೇಕಾದವರು ಸ್ವಂತ ಅಡಾಪ್ಟರ್ ಇರುವ ಇಂಟರ್‌ಫೇಸನ್ನೇ ಕೊಳ್ಳಿ.

ಗದ್ದಲದಲ್ಲಿ ಎರಡು ಜಾತಿ. ಸಣ್ಣಗೆ ಕೀರಲು ದನಿ, ಸೊಳ್ಳೆಯ ಹಾಗೆ: ಯುಎಸ್‌ಬಿ 2.0 ಡೇಟಾವನ್ನು ಸೆಕೆಂಡಿಗೆ 8,000 ತುಣುಕಾಗಿ ಕಳಿಸುವುದರಿಂದ 8 ಕಿಲೋಹರ್ಟ್ಸ್ ಕೀರಲು ವಿದ್ಯುತ್ ತಂತಿಯ ಮೂಲಕ ಪ್ರೀಆಂಪಿಗೆ ನುಗ್ಗುತ್ತದೆ. ಹಳೆಯ, ನಿಧಾನದ ಸಾಧನಗಳಲ್ಲಿ ಇದೇ 1 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತದೆ. ಪೋರ್ಟ್ ಬದಲಿಸಿದರೆ ಅಥವಾ ಅಡಾಪ್ಟರ್ ಇರುವ ಹಬ್ ಮೂಲಕ ಹೋದರೆ ಸಾಮಾನ್ಯವಾಗಿ ತಗ್ಗುತ್ತದೆ.

ಇನ್ನೊಂದು 50 ಹರ್ಟ್ಸ್ ಗುಂಯ್‌ಗುಡುವಿಕೆ. ಅಗ್ರಹಾರದ ಕಡೆಯ ಹಳೆಯ ಮನೆಗಳಂಥಲ್ಲಿ ಮೂರು ಪಿನ್ನಿನ ಸಾಕೆಟ್ ಕಂಡರೂ ಅರ್ಥಿಂಗ್ ಇರುತ್ತದೆ ಎಂದು ನಂಬಬೇಡಿ. ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಗುಂಯ್ ನಿಂತರೆ ಅದು ಅರ್ಥ್ ಸುತ್ತು ಹಾಕಿಕೊಂಡದ್ದು. ಆಗ ಎಲ್ಲ ಪ್ಲಗ್ಗುಗಳನ್ನೂ ಒಂದೇ ಸ್ಪೈಕ್ ಬೋರ್ಡಿಗೆ ತನ್ನಿ, ಸ್ಪೀಕರಿಗೆ ಗದ್ದಲ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಹಾಕಿ. ಅರ್ಥ್ ಪಿನ್ ಮುರಿದು ಗುಂಯ್ ನಿಲ್ಲಿಸುವವರಿದ್ದಾರೆ. ಮೈಕ್ ಮುಟ್ಟಿದಾಗ ಶಾಕ್ ಹೊಡೆಯುವ ದಾರಿ ಅದು. ಚೌಕ ಅಲೆಯ ಇನ್ವರ್ಟರ್ ಮೇಲೆ ಓಡಿಸಿದರೂ ಗುಂಯ್ ಕಾಟ. ನಾನಂತೂ ವೀಣೆಯ ಆಲಾಪನೆಗೆ ಚಾರ್ಜರ್ ತೆಗೆದು, ಬ್ಯಾಟರಿ ಮೇಲೆಯೇ ರೆಕಾರ್ಡ್ ಮಾಡುತ್ತೇನೆ. ಪೋರ್ಟಿನಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸಿಗೆ ಇರುವ ದೊಡ್ಡ ಅನುಕೂಲ ಇದೇ. ಕರೆಂಟ್ ಹೋದ ಹೊತ್ತು ಬೀದಿಯೂ ತಣ್ಣಗಿರುತ್ತದೆ, ಲೈನೂ ತಣ್ಣಗಿರುತ್ತದೆ.

ತಡದ ವಿಷಯ. ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ಕಂತು, 256 ಸ್ಯಾಂಪಲ್ ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ 5.3 ಮಿಲಿಸೆಕೆಂಡ್, ಹೋಗಿ ಬರುವುದು ಸೇರಿ 10.7, ಮೇಲೆ ಡ್ರೈವರಿನ ಪಾಲು. ಶಬ್ದ ಗಾಳಿಯಲ್ಲಿ ಹನ್ನೊಂದು ಹನ್ನೆರಡು ಅಡಿ ಸಾಗುವಷ್ಟು ಹೊತ್ತು ಅದು. ಪಕ್ಕವಾದ್ಯದವರಿಗೆ ಅಷ್ಟು ದೂರ ಒಗ್ಗಬಹುದು, ಹಾಡುವವರಿಗೆ ತಮ್ಮ ದನಿಯೇ ಹೆಡ್‌ಫೋನಿನಲ್ಲಿ ಹಿಂದೆ ಬಿದ್ದರೆ ಕಷ್ಟ. ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ದನಿ ಕಂಪ್ಯೂಟರಿಗೆ ಹೋಗಿ ಬರುವ ಗೋಜೇ ಇಲ್ಲ. ಥಂಡರ್‌ಬೋಲ್ಟಿನ ನಿಜವಾದ ಲಾಭ ಕಾಣುವುದು ಆ ಗುಂಡಿ ಸಾಲದೆ ಎಫೆಕ್ಟ್ ಸಮೇತ ಕೇಳಿಕೊಂಡು ಹಾಡುವವರಿಗೆ. ಅದಕ್ಕೆ ಖರ್ಚು ಜಾಸ್ತಿ. ಜೊತೆಗೆ ಥಂಡರ್‌ಬೋಲ್ಟ್ 3 ಇಂಟರ್‌ಫೇಸು ಬರಿಯ ಟೈಪ್-ಸಿ ಪೋರ್ಟಿನಲ್ಲಿ ಕೆಲಸ ಮಾಡುವುದಿಲ್ಲ. ಸಿಡಿಲಿನ ಗುರುತು ನೋಡಿ ಕೊಳ್ಳಿ.

ಫೈರ್‌ವೈರ್ ಎಂಬ ಹಳೆಯ ಬಗೆಯ ಪೋರ್ಟಿನ ಇಂಟರ್‌ಫೇಸ್ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ, ಒಳಗಿನ ಪ್ರೀಆಂಪ್ ಚೆನ್ನಾಗಿಯೂ ಇರುತ್ತವೆ. ಆದರೆ 2025ರ ಮ್ಯಾಕ್‌ಓಎಸ್ 26ರಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಹಳೆಯ ಕಂಪ್ಯೂಟರನ್ನು ಅದಕ್ಕೆಂದೇ ಮುಡಿಪಿಡುವವರಿಗೆ ಮಾತ್ರ ಅದು.

ಕೇಬಲಿಗೆ ಬಂದರೆ, ಫೋನ್ ಚಾರ್ಜರಿನ ಜೊತೆ ಬಂದದ್ದನ್ನು ಸಿಕ್ಕಿಸಿ ಇಂಟರ್‌ಫೇಸ್ ಕೆಟ್ಟಿದೆ ಎನ್ನುವವರು ಬಹಳ. ಕೆಲವು ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ದೀಪ ಹತ್ತುತ್ತದೆ, ಕಂಪ್ಯೂಟರ್ ಮಾತ್ರ ಗುರುತಿಸುವುದಿಲ್ಲ. ನಾನು ಒಂದರಿಂದ ಒಂದೂವರೆ ಮೀಟರ್ ಉದ್ದದ್ದನ್ನೇ ಬಳಸುತ್ತೇನೆ.

ವಿಂಡೋಸ್‌ನಲ್ಲಿ ತಯಾರಕರ ಸ್ವಂತ ಆಸಿಯೋ (ASIO, ತಡ ಕಡಿಮೆ ಮಾಡುವ ಬಗೆಯ) ಡ್ರೈವರ್ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ನೋಡಿ. ಮ್ಯಾಕ್‌ನಲ್ಲಿ ಅದರದೇ ಧ್ವನಿ ವ್ಯವಸ್ಥೆ ಕೋರ್ ಆಡಿಯೊ ಇರುವುದರಿಂದ ಅನೇಕ ಇಂಟರ್‌ಫೇಸ್‌ಗಳಿಗೆ ಬೇರೆ ಡ್ರೈವರ್ ಬೇಕಿಲ್ಲ. ವಿಂಡೋಸ್‌ನಲ್ಲಿ ಸದ್ದು ಪಟ್ ಪಟ್ ಎಂದು ಸಿಡಿಯುತ್ತಿದ್ದರೆ ಪವರ್ ಆಪ್ಷನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ, ವೈಫೈ ಆಫ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿ, ಯಾವ ಡ್ರೈವರ್ ಅಡ್ಡ ಬರುತ್ತಿದೆ ಎಂದು ಅದೇ ತೋರಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಆದ ಕಡತವನ್ನು ಪರಿವರ್ತಿಸದೆ 44.1ರಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಆಗ ಇಂಟರ್‌ಫೇಸನ್ನೂ ವೀಣೆಯ ತಂತಿಯನ್ನೂ ಮುಟ್ಟಬೇಡಿ, ಎರಡೂ ಕಡೆಯ ಸ್ಯಾಂಪಲ್ ರೇಟ್ ಒಂದೇ ಮಾಡಿ.