ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ, ಹೊತ್ತು ಎರಡನ್ನೂ ನಾನು ಲೆಕ್ಕ ಹಾಕಿದ ಬಗೆ

ಅಪ್ಪ ಅಮ್ಮ ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲ್‌ನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದರು. ಟಿಕೆಟ್ ನೋಡುವ ಕೆಲಸ ನನ್ನ ಪಾಲಿಗೆ ಬಂತು. ದರಕ್ಕಿಂತ ಮೊದಲು ದೂರ ನೋಡೋಣ ಅಂದುಕೊಂಡೆ.

ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಪ್ರಯೋಜನವಿಲ್ಲ. ಮಗಳ ಗ್ಲೋಬ್ ತಂದು, ಬೆಂಗಳೂರಿನ ಮೇಲೆ ದಾರದ ತುದಿಯನ್ನು ಬೆರಳಲ್ಲಿ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ತನಕ ಬಿಗಿಯಾಗಿ ಎಳೆದೆ. ದಾರ ನೇಪಾಳ, ಟಿಬೆಟ್, ಸೈಬೀರಿಯಾ ದಾಟಿ ಅಲಾಸ್ಕ ಕಡೆಯಿಂದ ಇಳಿಯಿತು! ಎರಡೂ ಊರುಗಳ ರೇಖಾಂಶದ ನಡುವೆ 160 ಡಿಗ್ರಿ ಅಂತರ, ಹಾಗಾಗಿ ಉತ್ತರಕ್ಕೆ ಹತ್ತಿ ಇಳಿಯುವುದೇ ಹತ್ತಿರ. ಅದೇ ದಾರವನ್ನು ಭೂಮಧ್ಯರೇಖೆಯ ಮೇಲೆ ಹಾಸಿದರೆ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ಇಡೀ ಸುತ್ತು 40,000 ಕಿ.ಮೀ., ಅಂದರೆ ನಮ್ಮ ದೂರ ಸುಮಾರು 14,000.

ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ. ವಿಮಾನ ಮೇಲೇರಿ ಕೆಳಗಿಳಿಯಲು ಅರ್ಧ ಗಂಟೆ ಸೇರಿಸಿ, 16 ಅನ್ನಿ. ಆದರೆ ವಿಮಾನ ದಾರದ ಹಾಗೆ ಹೋಗಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಬೇಗ 10,000 ಅಡಿಗೆ ಇಳಿಯಬೇಕು, ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ, ಹಾಗೆ ಇಳಿಯಲು ಜಾಗವೇ ಇಲ್ಲ. ಅದಕ್ಕೇ ಆ ಪ್ರದೇಶವನ್ನು ಬಿಟ್ಟು ಸುತ್ತಿ ಹೋಗುವುದೇ ರೂಢಿ. ಜೊತೆಗೆ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ. ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವಾಗ ಅದು ಹಿಂದಿನಿಂದ ನೂಕುತ್ತದೆ. ವಾಪಸ್ ಬರುವಾಗ ಆ ಅನುಕೂಲ ಇಲ್ಲ, 17 ಗಂಟೆ ದಾಟುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲೆ. ಪೈಲಟ್‌ಗಳೆಲ್ಲ ಮಹಿಳೆಯರೇ.

ಟಿಕೆಟ್‌ನಲ್ಲಿ ಆಯಾ ಊರಿನ ಸಮಯ ಇರುತ್ತದೆ. ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 4:30ಕ್ಕೆ ಇಳಿಯುತ್ತೀರಿ ಅಂದರೆ ಅಮ್ಮ ನಂಬುತ್ತಾರಾ? ನಾನು ಎಲ್ಲವನ್ನೂ ನಮ್ಮ ಗಡಿಯಾರಕ್ಕೆ ತಂದು ಬರೆದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಳಿಗಾಲದ ಲೆಕ್ಕದಲ್ಲಿ ಇಳಿಯುವುದು ನಮ್ಮ ಮರುದಿನ ಬೆಳಿಗ್ಗೆ 6ಕ್ಕೆ. ಮೈಸೂರಿನಿಂದ ಬೆಳಿಗ್ಗೆ ಆರಕ್ಕೇ ಫ್ಲೈಬಸ್ ಹತ್ತಬೇಕು. ಇಮಿಗ್ರೇಶನ್, ಲಗೇಜ್, ಅಕ್ಕನ ಕಾರು ಎಲ್ಲ ಸೇರಿದರೆ ಮನೆಯಿಂದ ಮನೆಗೆ ಇಪ್ಪತ್ತಾರು ಗಂಟೆ ಮೇಲೆ.

ದುಬೈ ಮೂಲಕ ಹೋದರೆ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕ 16,500. ಕಿಲೋಮೀಟರ್ ನೋಡಿದರೆ ದುಬೈ ಸರಿ. ಆದರೆ ನಾಲ್ಕು ಗಂಟೆಯಲ್ಲಿ ದುಬೈ ಮುಟ್ಟಿದರೂ ಅಲ್ಲಿಂದ ಮುಂದೆ ಮತ್ತೆ ಸುಮಾರು 16 ಗಂಟೆ ಕೂರಬೇಕು! ಇದೇನು ಸುಖ? ಫ್ರಾಂಕ್‌ಫರ್ಟ್ ಆದರೆ ಹತ್ತು ಗಂಟೆಯ ಆಸುಪಾಸು, ಆಮೇಲೆ ಹನ್ನೊಂದೂವರೆ. ಅಪ್ಪನಿಗೆ ಮೊಣಕಾಲು ನೋವು. ನಡುವೆ ಮೂರು ಗಂಟೆ ಬಿಡುವಿದ್ದ ಫ್ರಾಂಕ್‌ಫರ್ಟ್ ಟಿಕೆಟ್ಟನ್ನೇ ತೆಗೆದೆ, ವೀಲ್‌ಚೇರ್ ಸಮೇತ.