ಕತ್ತೆ ಉಳಿದುಬಿಟ್ಟ ದಿನ

ನನ್ನದೇ ಒಂದು ಕಾರ್ಟೂನ್ ನನಗೇ ವಾಟ್ಸಾಪ್‌ನಲ್ಲಿ ಬಂತು. ಗೆರೆ ನನ್ನದು, ಮೂಲೆಯ ಸಹಿಯೂ ನನ್ನದು. ಆದರೆ ಮಂತ್ರಿಯ ಬಾಯಿಂದ ಹೊರಟ ಗುಳ್ಳೆಯಲ್ಲಿದ್ದ ಮಾತು ಮಾತ್ರ ನಾನು ಬರೆದದ್ದಲ್ಲ. ಯಾರೋ ನನ್ನ ಸಾಲಿಗೆ ಬಿಳಿ ಬಣ್ಣ ಬಳಿದು, ಒಂದಿಡೀ ಸಮುದಾಯವನ್ನು ಹೀಯಾಳಿಸುವ ಸಾಲು ತುಂಬಿದ್ದರು. ಕಳಿಸಿದವರು ಹಳೇ ಪರಿಚಯದವರು. ಕೆಳಗೆ "ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ" ಅಂತ ಬರೆದಿದ್ದರು. ನಾನೂ ನಿರೀಕ್ಷಿಸಿರಲಿಲ್ಲ!

ಅರ್ಧ ತಪ್ಪು ನನ್ನದೇ. ಹತ್ತು ನಿಮಿಷ ಉಳಿಯುತ್ತೆ ಅಂತ ಗುಳ್ಳೆಯೊಳಗಿನ ಮಾತನ್ನು ಟೈಪ್ ಮಾಡುತ್ತಿದ್ದೆ. ಎಲ್ಲರ ಹತ್ತಿರವೂ ಇರುವ ಫಾಂಟ್, ಸುತ್ತ ಖಾಲಿ ಬಿಳಿ ಜಾಗ. ಅಳಿಸಿ ಬೇರೆ ತುಂಬೋದು ಮಕ್ಕಳಾಟ. ಅವತ್ತಿನಿಂದ ಅಕ್ಷರಗಳನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಒತ್ತಕ್ಷರದ ಬಾಲ ಹೋಗಿ ಕುರ್ಚಿಯ ಕಾಲಿಗೋ ಟೋಪಿಯ ಅಂಚಿಗೋ ತಾಗಬೇಕು, ಹಾಗೆ ಇಡುತ್ತೇನೆ. ಸಹಿ ಈಗ ಮೂಲೆಯಲ್ಲಿಲ್ಲ, ಅಂಗಿಯ ಮಡಿಕೆಯಲ್ಲಿದೆ. ಇಷ್ಟು ಮಾಡಿದರೆ ಯಾರೂ ತಿದ್ದಲಾರರು ಅಂತಲ್ಲ. ಸೋಮಾರಿಗಳು ಬಿಟ್ಟುಬಿಡುತ್ತಾರೆ, ಅಷ್ಟೆ. ಆದರೆ ಇಂಥ ಕೆಲಸ ಮಾಡುವವರಲ್ಲಿ ಸೋಮಾರಿಗಳೇ ಜಾಸ್ತಿ.

ಮಾತೇ ಬೇಡ ಅಂತ ಕೆಲವು ದಿನ ಮೂಕ ಕಾರ್ಟೂನ್ ಬರೆದು ನೋಡಿದೆ. ಒಂದು ಖಾಲಿ ಕುರ್ಚಿ, ಅದರ ಮುಂದೆ ಸಾಲಾಗಿ ಮೈಕುಗಳು, ಎಲ್ಲ ಮೈಕುಗಳೂ ತಲೆ ಬಗ್ಗಿಸಿ ನಮಸ್ಕಾರ ಮಾಡುತ್ತಿವೆ. ನಾನು ಚುಚ್ಚಿದ್ದು ಮೈಕು ಹಿಡಿದ ನಮ್ಮವರನ್ನೇ. ಬೈಗುಳ ಬಂದದ್ದು ಮೂರು ಪಕ್ಷಗಳಿಂದ, ಅದು ತಮ್ಮ ನಾಯಕರ ಕುರ್ಚಿ ಅಂತ! ಕುರ್ಚಿಗೆ ನಾನು ಹೆಸರು ಬರೆದಿರಲಿಲ್ಲ, ಬರೆದುಕೊಂಡವರು ಅವರೇ.

ಇದೇನು ಹೊಸದಲ್ಲ ಬಿಡಿ. 1831ರಲ್ಲಿ ಪ್ಯಾರಿಸ್‌ನ ಪತ್ರಿಕೆಯವನು ಶಾರ್ಲ್ ಫಿಲಿಪೋನ್, ರಾಜ ಲೂಯಿ ಫಿಲಿಪ್‌ನನ್ನು ಅವಮಾನಿಸಿದ ಅಂತ ಕೋರ್ಟಿನಲ್ಲಿ ನಿಂತಿದ್ದ. ರಾಜನ ಮುಖ ನಾಲ್ಕು ಹಂತಗಳಲ್ಲಿ ಪಿಯರ್ ಹಣ್ಣಾಗುವುದನ್ನು ಅಲ್ಲಿ ಬರೆದು ತೋರಿಸಿದ. ಮೊದಲನೆಯದು ರಾಜನನ್ನು ಹೋಲುತ್ತೆ, ಎರಡನೆಯದು ಮೊದಲನೆಯದನ್ನು ಹೋಲುತ್ತೆ, ಹಾಗೆ ಹೋಗ್ತಾ ಕೊನೆಗೆ ಬರೀ ಹಣ್ಣು ಉಳಿಯುತ್ತೆ, ಅದನ್ನೂ ಶಿಕ್ಷಿಸ್ತೀರಾ ಅನ್ನೋದು ಅವನ ವಾದ. ಶಿಕ್ಷೆಯಂತೂ ಆಯಿತು. ಆದರೆ ಆಮೇಲೆ ಹಣ್ಣು ಬರೆದರೆ ಸಾಕು, ಜನರಿಗೆ ರಾಜ ಕಾಣುತ್ತಿದ್ದ.

ನನ್ನನ್ನು ಯಾರೂ ಕೋರ್ಟಿಗೆ ಎಳೆದಿಲ್ಲ. ನನಗೆ ಬರುವುದು ಫೋನು. "ಸಾರ್, ಇವತ್ತು ಜಾಗ ಇಲ್ಲ." ಯಾವ ಸಂಪಾದಕರೂ "ಬೇಡ" ಅನ್ನಲ್ಲ. 2025ರ ಜನವರಿಯಲ್ಲಿ ಅಮೆರಿಕದ ಕಾರ್ಟೂನಿಸ್ಟ್ ಆನ್ ಟೆಲ್ನೇಸ್ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಬಿಟ್ಟರಲ್ಲ, ಆಗಲೂ ಇಂಥದ್ದೇ ಮಾತು. ಟ್ರಂಪ್ ಪ್ರತಿಮೆಯ ಮುಂದೆ ಮಂಡಿಯೂರಿದ ಧನಿಕರಲ್ಲಿ ಪತ್ರಿಕೆಯ ಮಾಲೀಕರನ್ನೂ ಅವರು ಸೇರಿಸಿದ್ದರು, ಆ ಕಾರ್ಟೂನ್ ಪ್ರಿಂಟಾಗಲಿಲ್ಲ. ಅದೇ ವಿಷಯಕ್ಕೆ ಅಂಕಣ ಬಂದಾಗಿದೆ, ಮತ್ತೆ ಯಾಕೆ ಅನ್ನೋದು ಸಂಪಾದಕರು ಕೊಟ್ಟ ಕಾರಣ. ನಿಜವೇ ಇರಬಹುದು. ಕಷ್ಟ ಏನಪ್ಪಾ ಅಂದ್ರೆ, "ಜಾಗ ಇಲ್ಲ" ಅನ್ನೋದರ ಜೊತೆ ವಾದ ಮಾಡೋಕಾಗಲ್ಲ.

ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಮೊದಲು ಸಂಪಾದಕರಿಗೆ ಕಳಿಸುವ ಕರಡು ಚಿತ್ರದಲ್ಲಿ, ಅಂದರೆ ರಫ್‌ನಲ್ಲಿ, ಬೇಕಂತಲೇ ಒಂದು ಅತಿರೇಕ ಸೇರಿಸುತ್ತಿದ್ದೆ, ಸಾಮಾನ್ಯವಾಗಿ ಒಂದು ಕತ್ತೆ. "ಸಾರ್, ಕತ್ತೆ ಒಂದು ತೆಗೆದುಬಿಡಿ." ಸ್ವಲ್ಪ ಮುನಿಸು ನಟಿಸಿ ತೆಗೆಯುತ್ತಿದ್ದೆ. ಅವರಿಗೂ ಸಮಾಧಾನ, ನನಗೆ ಬೇಕಾದ್ದೂ ಉಳಿಯುತ್ತಿತ್ತು. ಎರಡು ವರ್ಷ ಚೆನ್ನಾಗಿ ನಡೆಯಿತು.

ಒಂದು ಸಂಜೆ ಡೆಸ್ಕಿನಲ್ಲಿ ಬೇರೆಯವರಿದ್ದರು. ಅವರು ರಫ್ ನೋಡಿ "ಸೂಪರ್ ಸಾರ್" ಅಂದುಬಿಟ್ಟರು. ಇನ್ನು ನಾನೇ ಬೇಡ ಅನ್ನೋಕೆ ನಾಚಿಕೆ. ಕತ್ತೆ ಪ್ರಿಂಟಾಯಿತು. ಆ ಕಾರ್ಟೂನ್ ಇದ್ದದ್ದು ಪ್ರಶ್ನೆ ಕೇಳಿದ ವರದಿಗಾರನ ಮೇಲೆ ಕೇಸು ಹಾಕಿದ್ದರ ಬಗ್ಗೆ. ಮೂರು ದಿನ ಚರ್ಚೆ ಆದದ್ದು ಮಾತ್ರ ಕತ್ತೆಯ ಬಗ್ಗೆ. ಬೈದವರಿಗೂ ಕತ್ತೆ, ಹೊಗಳಿದವರಿಗೂ ಕತ್ತೆ. ವರದಿಗಾರ ಯಾರ ಕಣ್ಣಿಗೂ ಬೀಳಲಿಲ್ಲ. ಅಧಿಕಾರದಲ್ಲಿದ್ದವರಿಗೆ ಇದಕ್ಕಿಂತ ಅನುಕೂಲದ ಕಾರ್ಟೂನ್ ನಾನು ಯಾವತ್ತೂ ಬರೆದಿಲ್ಲ.

ಅವತ್ತು ರಾತ್ರಿ ಅಬು ಅಬ್ರಹಾಂ ಅವರ 1975ರ ಕಾರ್ಟೂನನ್ನು ಮತ್ತೆ ತೆಗೆದು ನೋಡಿದೆ. ತುರ್ತು ಪರಿಸ್ಥಿತಿ, ಸೆನ್ಸಾರ್ ಇದ್ದ ಕಾಲ. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾರೆ, ಅಲ್ಲಿಂದಲೇ ಕಾಗದಕ್ಕೆ ಸಹಿ ಹಾಕಿ ಕೊಡುತ್ತಿದ್ದಾರೆ. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯೋಕೆ ಹೇಳಿ ಅನ್ನುತ್ತಾರೆ. ಅಷ್ಟೇ. ಕೋಪವಿಲ್ಲ, ಒಂದು ಗೆರೆಯೂ ಹೆಚ್ಚಿಗೆ ಇಲ್ಲ, ಕತ್ತೆಯಂತೂ ಇಲ್ಲವೇ ಇಲ್ಲ. ಆ ತೊಟ್ಟಿಯನ್ನು ನೋಡುತ್ತಾ ನನಗೆ ನನ್ನ ಜಾಣತನದ ಬಗ್ಗೆ ಸ್ವಲ್ಪ ಹೇಸಿಗೆ ಆಯಿತು.

ಉಪಾಯ ಬಿಟ್ಟೆ. ಈಗ ಹೇಗೆ ಪ್ರಿಂಟಾಗಬೇಕೋ ಹಾಗೇ ರಫ್ ಕಳಿಸುತ್ತೇನೆ. ಕೆಲವು ವಾಪಸ್ ಬರುತ್ತವೆ, ಅವನ್ನು ತಾರೀಕು ಹಾಕಿ ಎತ್ತಿಡುತ್ತೇನೆ. ಮೊನ್ನೆ ಹಳೇ ಸಂಪಾದಕರು ರಫ್ ಹಿಡಿದುಕೊಂಡೇ ಫೋನ್ ಮಾಡಿದರು. ಐದು ನಿಮಿಷ ಹುಡುಕಿದರಂತೆ.

"ಸಾರ್, ಇವತ್ತು ಎಲ್ಲಿ ಬಚ್ಚಿಟ್ಟಿದ್ದೀರಿ?"